ಮಡಿಕೇರಿಯಲ್ಲಿ ಪಾರ್ಕಿಂಗ್ ಶುಲ್ಕ ಹಾಕಿದರೆ ಟ್ರಾಫಿಕ್ ಕಡಿಮೆಯಾಗುತ್ತದೆಯೇ?

ರಜೆ ಬಂತೆಂದರೆ ಮಡಿಕೇರಿ ಪೇಟೆಯೊಳಗೆ ಗಾಡಿ ಅಲುಗಾಡುವುದಿಲ್ಲ, ಪಾರ್ಕಿಂಗಿಗೆ ದುಡ್ಡು ತೆಗೆದುಕೊಂಡರೆ ಜಾಮ್ ಇಳಿದೀತೇ, ಇಲ್ಲ ನಗರಸಭೆಗೆ ಆದಾಯವಷ್ಟೇನಾ ಎಂದು ಕೇಳಿದ್ದೀರಿ. ಗಂಟೆ ಲೆಕ್ಕದಲ್ಲಿ ತೆಗೆದುಕೊಂಡರೆ ಇಳಿಯುತ್ತದೆ. ದಿನಕ್ಕೆ ಇಷ್ಟು ಅಂತ ಒಂದೇ ಚೀಟಿ ಹರಿದುಕೊಟ್ಟರೆ ಈಗಿಗಿಂತಲೂ ಕೆಡಬಹುದು.

ಲೆಕ್ಕ ನೋಡಿ. ರಸ್ತೆಬದಿಯಲ್ಲಿ ಒಂದು ಕಾರು ನಿಲ್ಲಿಸಿ ತೆಗೆಯಲು ಸುಮಾರು 6 ಮೀಟರ್ ಉದ್ದ ಬೇಕು. 120 ಮೀಟರ್ ಬೀದಿಯ ಒಂದು ಬದಿಗೆ 20 ಕಾರು. ಅಂಗಡಿಯವರು, ಆಫೀಸಿನವರು ಬೆಳಿಗ್ಗೆ 9ಕ್ಕೆ ನಿಲ್ಲಿಸಿ ಸಂಜೆ 7ಕ್ಕೆ ತೆಗೆದರೆ ಆ ಬೀದಿ ದಿನಕ್ಕೆ 20 ಜನಕ್ಕೇ ಮುಗಿಯಿತು. ಒಂದೊಂದು ಜಾಗದಿಂದಲೂ ಗಂಟೆಗೊಬ್ಬರು ಎದ್ದು ಹೋದರೆ ಅದೇ ಬೀದಿಗೆ ದಿನಕ್ಕೆ 200 ಕಾರು. ದಿನದ ಚೀಟಿ ತಗೊಂಡವರು 'ಹೇಗೂ ಕೊಟ್ಟಾಯ್ತಲ್ಲ' ಎಂದು ಕದಲುವುದೇ ಇಲ್ಲ.

ಜಾಗ ಖಾಲಿ ಇಲ್ಲದಾಗ ಏನಾಗುತ್ತದೆ ಗಮನಿಸಿ. ಏರು ರಸ್ತೆಯಲ್ಲಿ ಯಾರೋ ಹೊರಡುವುದು ಕಂಡಿತೆಂದು ಒಬ್ಬರು ಇಂಡಿಕೇಟರ್ ಹಾಕಿ ಕಾಯುತ್ತಾರೆ. ಹೊರಡುವವರು ಡಿಕ್ಕಿಗೆ ಸಾಮಾನು ತುಂಬಿ, ಮಕ್ಕಳನ್ನು ಕೂರಿಸಿ, ಹಾಫ್ ಕ್ಲಚ್‌ನಲ್ಲಿ ಹಿಂದೆಮುಂದೆ ಮಾಡಿ ಹೊರಬರುವಷ್ಟರಲ್ಲಿ ಹಿಂದೊಂದು ಬಸ್ಸು, ಎದುರೊಂದು ಜೀಪು ಬಂದು ನಿಂತಿರುತ್ತದೆ. ಶುಲ್ಕದಿಂದ ತಪ್ಪಬೇಕಾದದ್ದು ಈ ಕಾಯುವಿಕೆ. ಪಾರ್ಕಿಂಗ್ ಬಗ್ಗೆ ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಪ್ರೊಫೆಸರ್ ಡೊನಾಲ್ಡ್ ಶೂಪ್ ಹೇಳಿದ ಅಳತೆ ಶೇ. 85: ಅಂದರೆ 20ರಲ್ಲಿ 17 ತುಂಬಿ 3 ಖಾಲಿ ಇರುವಂತೆ ದರ ಇಡಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2011ರಿಂದ ಬೀದಿಬೀದಿಗೆ, ಹೊತ್ತುಹೊತ್ತಿಗೆ ಬೇರೆ ದರ ಇಟ್ಟು, ತುಂಬಿದ ಕಡೆ ಏರಿಸಿ ಖಾಲಿ ಇದ್ದ ಕಡೆ ಇಳಿಸುತ್ತಾ ಹೋದರು.

ನಮ್ಮಲ್ಲಿ ಮಾಡುವುದಾದರೆ ಮೊದಲು ಎಣಿಸಬೇಕು. ಒಂದು ಮಾಮೂಲಿ ದಿನ, ಒಂದು ಸಂತೆಯ ಶುಕ್ರವಾರ, ಒಂದು ಶನಿವಾರ. ಗಂಟೆಗೊಮ್ಮೆ ಬೀದಿ ನಡೆದು ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕಿ ಬರೆದುಕೊಳ್ಳುವುದು. ಒಂದೇ ನಂಬರ್ ಸತತ ನಾಲ್ಕು ಸಲ ಬಂದರೆ ಅದು ಗಂಟೆಗಟ್ಟಲೆ ನಿಲ್ಲುವ ಗಾಡಿ. ಪ್ರವಾಸಿಗರನ್ನು ಬೈಯುವ ಮುಂಚೆ ಇದನ್ನು ನೋಡುವುದು ನ್ಯಾಯ. ಆಮೇಲೆ ದರ: ಔಷಧಿ ತರುವವರಿಗೆ ಮೊದಲ 15 ನಿಮಿಷ ಉಚಿತ, ಮೊದಲ ಗಂಟೆಗೆ 20 ರೂಪಾಯಿ, ಎರಡನೆಯದಕ್ಕೆ 40, ಮೂರನೆಯದಕ್ಕೆ 80 ಎಂಬಂತೆ ಏರುತ್ತಾ ಹೋಗಬೇಕು. ಪೇಟೆಯ ಅಂಚಿನಲ್ಲಿ ದಿನಕ್ಕೆ ಅಗ್ಗದ ದರದ ಒಂದು ಮೈದಾನ ಇರಲೇಬೇಕು, ಇಲ್ಲದಿದ್ದರೆ ಗಾಡಿಗಳೆಲ್ಲ ಅಕ್ಕಪಕ್ಕದ ಗಲ್ಲಿಗಳಿಗೆ, ಮನೆ ಗೇಟುಗಳ ಮುಂದಕ್ಕೆ ಹೋಗುತ್ತವೆ.

ಐದು ಸಾವಿರದ ರೂಮ್ ಮಾಡಿದವರಿಗೆ 50 ರೂಪಾಯಿ ಯಾವ ಲೆಕ್ಕ ಎನ್ನುತ್ತಾರೆ. ನಿಜ, ಅದಕ್ಕೆ ಹೆದರಿ ಯಾರೂ ಕೊಡಗಿಗೆ ಬರುವುದು ಬಿಡುವುದಿಲ್ಲ. ಆದರೆ ಗಾಡಿ ಎಲ್ಲಿ ಬಿಡಬೇಕು, ಎಷ್ಟು ಹೊತ್ತು ಎಂಬುದು ಬದಲಾಗುತ್ತದೆ. ರಾಜಾಸೀಟ್ ಮಾತ್ರ ಬೇರೆ ಕತೆ: ಸೂರ್ಯಾಸ್ತಕ್ಕೆ ಎಲ್ಲರೂ ಒಟ್ಟಿಗೇ ಬರುತ್ತಾರೆ, ದರ ಎಷ್ಟಿಟ್ಟರೂ ಜಾಗ ಸಾಲದು. ಆ ಹೊತ್ತಿಗೆ ಮೈದಾನದಿಂದ ಮಿನಿ ಬಸ್ ಓಡಿಸುವುದೇ ದಾರಿ.

ಶುಲ್ಕ ತಟ್ಟದ ಗಾಡಿಗಳೂ ಇವೆ. ಮೈಸೂರಿನಿಂದ ಮಂಗಳೂರಿಗೆ ಹೆದ್ದಾರಿಯಲ್ಲಿ ಹಾದುಹೋಗುವವರು ಇಲ್ಲಿ ಪಾರ್ಕ್ ಮಾಡುವುದೇ ಇಲ್ಲ. ಲಂಡನ್ 2003ರಲ್ಲಿ ನಗರದ ಮಧ್ಯಭಾಗದಲ್ಲಿ ಓಡಾಡುವ ಗಾಡಿಗೇ ಶುಲ್ಕ ಹಾಕಿತು, ಅದರಲ್ಲಿ ನಿಲ್ಲಿಸದೆ ಹಾದುಹೋಗುವವರೂ ಸಿಗುತ್ತಾರೆ. ಇಂಗ್ಲೆಂಡಿನದೇ ನಾಟಿಂಗ್‌ಹ್ಯಾಮ್ 2012ರಿಂದ 11 ಅಥವಾ ಹೆಚ್ಚು ಪಾರ್ಕಿಂಗ್ ಜಾಗ ಕೊಡುವ ಕಂಪನಿ, ಕಚೇರಿಗಳ ಮೇಲೆ ವಾರ್ಷಿಕ ಶುಲ್ಕ ಹಾಕಿ ಆ ಹಣದಿಂದ ಟ್ರಾಮ್ ಮಾರ್ಗ ಬೆಳೆಸಿತು. ದೊಡ್ಡ ಕಂಪನಿಗಳಿಲ್ಲದ ನಮ್ಮೂರಿಗೆ ಅದು ಹೊಂದುವುದಿಲ್ಲ.

ಹೆಚ್ಚಾಗಿ ಕೆಡುವುದು ಟೆಂಡರಿನಲ್ಲಿ. ಇಡಿಗಂಟು ಕೊಟ್ಟು ಗುತ್ತಿಗೆ ಹಿಡಿದವರಿಗೆ ಬೀದಿ ತುಂಬಿದಷ್ಟೂ ಲಾಭ. ಬಿಳಿ ಗೆರೆಯಾಚೆಗೂ ಗಾಡಿ ನಿಲ್ಲಿಸಿಕೊಳ್ಳುತ್ತಾರೆ. ಅವರಿಗೆ ತಿಂಗಳಿಗೆ ಗೊತ್ತಾದ ಮೊತ್ತ ಕೊಟ್ಟು, ವಸೂಲಿಯೆಲ್ಲ ಮೆಷಿನ್ ರಸೀದಿಯ ಮೂಲಕ ನೇರ ನಗರಸಭೆಗೆ ಬರುವಂತೆ ಕರಾರು ಬರೆಯಿಸಬೇಕು.