ಮಾಲೆ ಹಾಕಿದಾಗ ಸೇದದವರು, ತೆಗೆದ ದಿನವೇ ಸೇದಿದರು

‘ಬಿಡಬೇಕು ಅನ್ನೋ ಮನಸ್ಸೇ ಬರ್ತಿಲ್ಲ ಮೇಡಂ. ಮನಸ್ಸು ಬಂದ್ರೆ ಒಂದೇ ದಿನದ ಕೆಲಸ.’

ಸಿಗರೇಟು ಬಿಡಿಸಿ ಎಂದು ಮನೆಯವರು ಕರೆತಂದವರಲ್ಲಿ ಈ ಮಾತು ಆಡದವರು ಕಡಿಮೆ. ಮನಸ್ಸಿಲ್ಲ ಎಂಬ ಮಾತನ್ನು ಹಾಗೆಯೇ ನಂಬಿಬಿಟ್ಟರೆ ಸಲಹೆ ಪೂರ್ತಿ ದಾರಿ ತಪ್ಪುತ್ತದೆ. ಈ ಪ್ರಕರಣ ಬರೆಯುತ್ತಿರುವುದು ಅದಕ್ಕೇ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಇವರು ನಲವತ್ತೈದರ ಆಸುಪಾಸಿನ ಮೆಕ್ಯಾನಿಕ್. ದಿನಕ್ಕೆ 15 ಸಿಗರೇಟು, ಅದರಲ್ಲಿ ಮೊದಲನೆಯದು ಎದ್ದ ಹತ್ತು ನಿಮಿಷದೊಳಗೆ. ಅಣ್ಣನಿಗೆ ಬೈಪಾಸ್ ಆದ ಮೇಲೆ ಹೆಂಡತಿ ಬಲವಂತವಾಗಿ ಕರೆತಂದಿದ್ದರು. ಮೂರು ಸಲ ಬಿಟ್ಟಿದ್ದರು, ಮೂರು ಸಲವೂ ಮೂರನೇ ದಿನಕ್ಕೆ ಮತ್ತೆ ಶುರುವಾಗಿತ್ತು. ಸ್ವಲ್ಪ ಹೆದರಿಸಿ ಎಂದು ಮನೆಯವರು ಕೇಳಿಕೊಂಡರು. ನಾನು ಒಪ್ಪಲಿಲ್ಲ. ಪ್ಯಾಕಿನ ಮುಂದೆ-ಹಿಂದೆ ಶೇ. 85 ಭಾಗವನ್ನು ಎಚ್ಚರಿಕೆಯ ಚಿತ್ರ, ಬರಹವೇ ತುಂಬಿರುತ್ತದೆ. ಅದನ್ನು ದಿನವೂ ಜೇಬಿನಲ್ಲಿಟ್ಟುಕೊಂಡು ತಿರುಗುವವರಿಗೆ ಹೊಸದಾಗಿ ತೋರಿಸಲು ಯಾವ ಭಯವೂ ಉಳಿದಿರುವುದಿಲ್ಲ. ಹೆದರಿದವರು ಆ ಹೆದರಿಕೆ ತಣಿಸಲು ಇನ್ನೊಂದು ಹಚ್ಚುವುದೂ ಉಂಟು.

ಎರಡನೇ ಭೇಟಿಯಲ್ಲಿ, ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ ಎಂದು ಎರಡು ಪ್ರಶ್ನೆ ಕೇಳಿದೆ. ಬಿಡುವುದು ನಿಮಗೆ ಎಷ್ಟು ಮುಖ್ಯ? ‘ಎಂಟು.’ ಬಿಡಲು ನಿಮ್ಮಿಂದ ಆಗುತ್ತದೆ ಎಂಬ ನಂಬಿಕೆ ಎಷ್ಟು? ಸುಮಾರು ಹೊತ್ತು ಸುಮ್ಮನಿದ್ದು, ‘ಎರಡು’ ಎಂದರು.

ಎಂಟು ಅಂಕ ಕೊಟ್ಟವರಿಗೆ ಮನಸ್ಸಿಲ್ಲ ಎನ್ನಲಾಗದು. ಕೊರತೆ ಇದ್ದದ್ದು ಎರಡನೆಯದರಲ್ಲಿ. ಮನೆಯವರು, ನೆಂಟರು, ವೈದ್ಯರು ಎಲ್ಲರೂ ಸೇರಿ ಆ ಎಂಟನ್ನು ಹತ್ತು ಮಾಡಲು ಹೊರಟಿದ್ದರು. ಎರಡರ ಕಡೆ ಯಾರೂ ನೋಡಿರಲಿಲ್ಲ.

ಇಲ್ಲಿ ‘ನಂಬಿಕೆಗೂ ಎಂಟು ಯಾಕಿಲ್ಲ?’ ಎಂದು ಕೇಳಬಾರದು. ಕೇಳಿದರೆ ಅವರು ತಮ್ಮ ಸೋಲುಗಳ ಪಟ್ಟಿ ಬಿಚ್ಚುತ್ತಾರೆ, ಬಿಚ್ಚುತ್ತಾ ಬಿಚ್ಚುತ್ತಾ ಅದನ್ನೇ ಇನ್ನಷ್ಟು ನಂಬುತ್ತಾರೆ. ನಾನು ಕೇಳಿದ್ದು, ‘ಸೊನ್ನೆ ಅನ್ನಲಿಲ್ಲ, ಎರಡು ಅಂದಿರಿ. ಯಾಕೆ?’

‘ಮಾಲೆ ಹಾಕ್ದಾಗ ಸೇದಲ್ವಲ್ಲ ಮೇಡಂ. ನಲವತ್ತೊಂದು ದಿನ.’

‘ತೆಗೆದ ದಿನಾನೇ ಹಚ್ತಾರೆ,’ ಎಂದರು ಹೆಂಡತಿ.

ಅಯ್ಯಪ್ಪ ವ್ರತದ ಈ ಮಾತು ಇವರೊಬ್ಬರದಲ್ಲ, ಎಷ್ಟೋ ಜನ ಹೇಳುತ್ತಾರೆ. ಹೊಗಳಿ ಮುಂದೆ ಹೋಗದೆ ಮೂರನೇ ದಿನದ ಬಗ್ಗೆ ಕೇಳಿದೆ. ತಂಬಾಕಿನಲ್ಲಿ ಚಟ ಹಿಡಿಸುವ ನಿಕೋಟಿನ್ ನಿಂತಾಗಿನ ಸಿಡಿಮಿಡಿ, ಚಡಪಡಿಕೆ ಜೋರಾಗುವುದು ಎರಡು-ಮೂರನೇ ದಿನ. ಪ್ರತಿಸಲ ಅವರು ಬೀಳುತ್ತಿದ್ದದ್ದೂ ಅಲ್ಲೇ. ಮಾಲೆ ಹಾಕಿದಾಗ ಅದನ್ನು ದಾಟಿದ್ದು ಹೇಗೆ? ಎದ್ದ ತಕ್ಷಣ ತಣ್ಣೀರ ಸ್ನಾನ. ಟೀ ಅಂಗಡಿ ಮುಂದೆ ನಿಲ್ಲುವುದಿಲ್ಲ. ಜೊತೆಗಾರರು ‘ಸ್ವಾಮಿ’ ಎನ್ನುತ್ತಾರೆ, ಯಾರೂ ಪ್ಯಾಕು ಮುಂದೆ ಹಿಡಿಯುವುದಿಲ್ಲ. ಸಂಜೆ ಭಜನೆ. ಹೇಳುತ್ತಾ ಹೇಳುತ್ತಾ ಅವರೇ ಅಂದರು: ‘ಸೇದ್ಲೋ ಬೇಡ್ವೋ ಅಂತ ದಿನಾ ಯೋಚ್ನೆ ಮಾಡೋದೇ ಇರ್ಲಿಲ್ಲ ಮೇಡಂ.’

ಮಾಲೆ ತೆಗೆದ ದಿನ ತಡೆಯಲಾರದಷ್ಟು ಆಸೆ ಆಗಿತ್ತಾ ಎಂದೆ. ‘ಇಲ್ಲ. ಮುಗೀತಲ್ಲ ಅಂತ.’ ದೇಹದ ಚಡಪಡಿಕೆ ಎರಡರಿಂದ ನಾಲ್ಕು ವಾರದಲ್ಲಿ ಬಹುಮಟ್ಟಿಗೆ ಇಳಿದಿರುತ್ತದೆ. ಅಂದು ಸಿಗರೇಟು ಹಚ್ಚಿದ್ದು ಚಟವಲ್ಲ, ಅವಧಿ ಮುಗಿದಾಗ ಸಿಕ್ಕ ಅಪ್ಪಣೆ.

ವ್ರತ ಮಾಡಿ ಎಂದು ನಾನು ಸಲಹೆ ಕೊಡಲಿಲ್ಲ. ಶ್ರದ್ಧೆ ಅವರ ಸ್ವಂತದ್ದು, ಅದನ್ನು ಔಷಧಿಯಂತೆ ಬರೆದುಕೊಡುವ ಹಕ್ಕು ನನಗಿಲ್ಲ. ಮುರಿದರೆ ಪಾಪಭೀತಿಯೂ ಸೇರಿಕೊಳ್ಳುತ್ತದೆ. ಆ ದಿನಗಳ ಏರ್ಪಾಟನ್ನಷ್ಟೇ ತೆಗೆದುಕೊಂಡೆವು. ಹತ್ತು ದಿನ ಮುಂದಿನ ತಾರೀಕು ಗೊತ್ತುಮಾಡಿದೆವು. ಎದ್ದ ಕೂಡಲೇ ಸ್ನಾನ. ಟೀ ಅಂಗಡಿಯವರಿಗೂ ಇಬ್ಬರು ಸಹೋದ್ಯೋಗಿಗಳಿಗೂ ಮೊದಲೇ ಹೇಳಿಡುವುದು, ಕೇಳಿದರೂ ಕೊಡಬೇಡಿ ಎಂದು. ಸಂಜೆ ಕೆಲಸ ಬಿಟ್ಟ ಮೇಲಿನ ಒಂದು ಗಂಟೆ ಒಬ್ಬರೇ ಇರದಿರುವುದು. ತಡೆಯದಾದರೆ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡುವುದು, ಅಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ. ಸೇದಬೇಕೆಂಬ ತುಡಿತ ಒಂದು ಸಲಕ್ಕೆ ಕೆಲವೇ ನಿಮಿಷ ಇರುತ್ತದೆ, ಅಷ್ಟು ಹೊತ್ತು ಮಾತಿನಲ್ಲಿ ಕಳೆದರೆ ಸಾಕು.

ಇದರ ಜೊತೆಗೆ ನಿಕೋಟಿನ್ ಗಮ್, ಅಂದರೆ ಹೊಗೆಯಿಲ್ಲದೆ ಸ್ವಲ್ಪ ಸ್ವಲ್ಪವೇ ನಿಕೋಟಿನ್ ಕೊಟ್ಟು ಚಡಪಡಿಕೆ ತಗ್ಗಿಸುವ ಗಮ್. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ ಅದರ 2 ಮಿ.ಗ್ರಾಂ ಸಾಲದು. ವೈದ್ಯರಿಗೆ ತೋರಿಸಿ 4 ಮಿ.ಗ್ರಾಂ ಬರೆಸಿದೆವು. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಆಮೇಲೆ ಕಡಿಮೆ ಮಾಡುತ್ತಾ ಹನ್ನೆರಡು ವಾರಕ್ಕೆ ನಿಲ್ಲಿಸುವುದು. ಹೆಚ್ಚಿನವರು ಎಡವುವುದು ಜಗಿಯುವ ರೀತಿಯಲ್ಲಿ. ಮಕ್ಕಳ ಬಬಲ್‌ಗಮ್ಮಿನ ಹಾಗೆ ಒಂದೇ ಸಮನೆ ಜಗಿದು ರಸ ನುಂಗಿದರೆ ಬಿಕ್ಕಳಿಕೆ, ಎದೆಯುರಿ ಬರುತ್ತದೆ. ಗಮ್ ನನಗಾಗದು ಎಂದು ಎಸೆಯುತ್ತಾರೆ. ನಿಧಾನಕ್ಕೆ ಜಗಿದು, ಬಾಯಿ ಚುರುಗುಟ್ಟಿದಾಗ ನಿಲ್ಲಿಸಿ, ಕೆನ್ನೆಗೂ ವಸಡಿಗೂ ನಡುವೆ ಇಟ್ಟುಕೊಳ್ಳಬೇಕು. ಚುರುಗು ಇಳಿದ ಮೇಲೆ ಮತ್ತೆ ಜಗಿಯಬೇಕು. ಒಂದು ಗಮ್ ಹೀಗೆ ಅರ್ಧ ಗಂಟೆ ಬರುತ್ತದೆ. ಅದಕ್ಕೆ ಹದಿನೈದು ನಿಮಿಷ ಮೊದಲಿನಿಂದ ಕಾಫಿ, ಟೀ, ಜ್ಯೂಸ್ ಬೇಡ. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ.

ಕಾಫಿಯದು ಇನ್ನೊಂದು ತೊಡಕೂ ಇದೆ. ತಂಬಾಕಿನ ಹೊಗೆಯಿಂದ ಯಕೃತ್ತು ಕೆಫೀನನ್ನು ಬೇಗ ಬೇಗ ಕರಗಿಸುತ್ತಿರುತ್ತದೆ. ಹೊಗೆ ನಿಂತ ಮೇಲೆ ಅಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಬಹಳ ಏರುತ್ತದೆ. ಕೈ ನಡುಕ, ನಿದ್ದೆಗೇಡು ಬಂದಾಗ ಸಿಗರೇಟು ಬಿಟ್ಟಿದ್ದಕ್ಕೇ ಹೀಗಾಯಿತು ಎಂದುಕೊಳ್ಳುತ್ತಾರೆ. ಇವರು ದಿನಕ್ಕೆ ಆರು ಲೋಟ ಕುಡಿಯುತ್ತಿದ್ದರು, ಮೊದಲ ದಿನದಿಂದಲೇ ಮೂರಕ್ಕೆ ಇಳಿಸಿದೆವು.

ಮುಂದಿನ ಭೇಟಿಯನ್ನು ಬೇಕೆಂದೇ ನಲವತ್ತೊಂದನೇ ದಿನಕ್ಕೆ ಇಟ್ಟೆ, ಅದರ ಮಾರನೇ ದಿನಕ್ಕೆ ಇನ್ನೊಂದು. ಎರಡಕ್ಕೂ ಸೇದದೆ ಬಂದರು. ಎಂಟನೇ ವಾರ ಊರ ಜಾತ್ರೆಯಲ್ಲಿ ಒಂದು ಸೇದಿ, ಅಂದು ರಾತ್ರಿಯೇ ಫೋನ್ ಮಾಡಿದರು: ‘ಮತ್ತೆ ಒಂದನೇ ದಿನದಿಂದ ಎಣಿಸ್ಬೇಕಾ ಮೇಡಂ?’ ಬೇಡ ಎಂದೆ. ಯಾರ ಜೊತೆ, ಎಷ್ಟು ಹೊತ್ತಿಗೆ, ಗಮ್ ಜೇಬಿನಲ್ಲಿತ್ತೇ ಎಂದಷ್ಟೇ ಕೇಳಿದೆ. ಇರಲಿಲ್ಲವಂತೆ. ಜಾತ್ರೆ, ಮದುವೆಗೆ ಹೊರಡುವ ಮುಂಚೆ ಮನೆಯಲ್ಲೇ ಒಂದು ಬಾಯಿಗೆ ಹಾಕಿಕೊಳ್ಳಿ, ಎರಡು ಜೇಬಿನಲ್ಲಿರಲಿ ಎಂದು ಬರೆದುಕೊಳ್ಳಲು ಹೇಳಿದೆ.