ಜೆಆರ್ ಪಾಸ್ ಬೇಡ, ಹಿಮೇಜಿ ಬಿಡಬೇಡಿ

ಏಳು ದಿನದಲ್ಲಿ ಟೋಕಿಯೊ, ಕ್ಯೋಟೊ, ನಾರಾ, ಹಿರೋಷಿಮಾ ನೋಡಲು ಜೆಆರ್ ಪಾಸ್, ಅಂದರೆ ಜಪಾನಿನ ಜೆಆರ್ ರೈಲುಗಳಲ್ಲಿ ಇಷ್ಟು ದಿನ ಅಂತ ಓಡಾಡುವ ಪ್ರವಾಸಿ ಪಾಸ್, ಬೇಕಾ ಅಂತ ಕೇಳಿದ್ದೀರಿ. ಬೇಡ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸ್ 29,650 ಯೆನ್‌ನಿಂದ ಒಂದೇ ಸಲ 50,000ಕ್ಕೆ ಏರಿತು, ಹಾಗಾಗಿ ಟೋಕಿಯೊದಲ್ಲಿ ಇಳಿದು ಒಸಾಕಾದಿಂದ ವಾಪಸ್ ಹೊರಟರೆ ಬಿಡಿ ಟಿಕೆಟ್‌ಗಳೇ ಅಗ್ಗ. ನಾರಾಗೆ ಕ್ಯೋಟೊದಿಂದ ಬೆಳಿಗ್ಗೆ ಹೋಗಿ ಸಂಜೆ ಬರಬಹುದು, ಸುಮ್ನೆ ರೂಮ್ ಬದಲಿಸಬೇಡಿ.

ಕ್ಯೋಟೊದ ಬೆಟ್ಟದ ದೇಗುಲ ಫುಶಿಮಿ ಇನಾರಿಗೆ ಮಾತ್ರ ಬೆಳಿಗ್ಗೆ ಆರಕ್ಕೇ ಹೋಗಿ. ಟಿಕೆಟ್ ಇಲ್ಲ, ರಾತ್ರಿಯೂ ತೆರೆದಿರುತ್ತದೆ. ಬೆಟ್ಟ ಇಳಿಯುವಾಗ ದಾರಿಯ ಕೆಂಪು ಕಮಾನುಗಳ ಕಂಬ ನೋಡಿ, ದಾನಿಗಳ ಹೆಸರು ಕಪ್ಪು ಅಕ್ಷರದಲ್ಲಿ ಕಾಣುತ್ತದೆ.

ಹಿರೋಷಿಮಾ ದಾರಿಯಲ್ಲೇ ಕೋಟೆಯ ಊರು ಹಿಮೇಜಿ ಸಿಗುತ್ತದೆ, ಖಂಡಿತ ಇಳಿಯಿರಿ. ಒಸಾಕಾ ಕೋಟೆಯ ಗೋಪುರ 1931ರ ಕಾಂಕ್ರೀಟ್, ಹಿಮೇಜಿಯದು 1609ರ ಮರದ ಕಟ್ಟಡ. ಒಂದಕ್ಕೇ ಸಮಯವಿದ್ದರೆ ಹಿಮೇಜಿಯೇ ಇರಲಿ.