ಪ್ರೋಗ್ರಾಮಿಂಗ್ ಬಾರದ ಲೈಬ್ರರಿಯನ್ ಕಂಪ್ಯೂಟರ್ ಪುಸ್ತಕ ಆರಿಸುವುದು ಹೇಗೆ?

ಪದವಿ ಕಾಲೇಜಿನ ಲೈಬ್ರರಿಗೆ ಹೊಸದಾಗಿ ಸೇರಿದ್ದೀರಿ, ಬಿಸಿಎ ಮಕ್ಕಳಿಗೆ ಪುಸ್ತಕ ತರಿಸಬೇಕು, ಆದರೆ ಪ್ರೋಗ್ರಾಮಿಂಗ್ ಗಂಧಗಾಳಿ ಇಲ್ಲ, ಯಾವುದು ಒಳ್ಳೆಯದು ಅಂತ ಹೇಗೆ ತಿಳಿಯೋದು ಅಂತ ಕೇಳಿದ್ದೀರಿ. ನನಗೂ ಬರೋದಿಲ್ಲ. ಆದರೂ ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ.

ಮೊದಲು ನನ್ನದೇ ಒಂದು ಯಡವಟ್ಟು ಹೇಳುತ್ತೇನೆ. 2019ರಲ್ಲಿ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಒಂದು ಪುಸ್ತಕದ ಹನ್ನೆರಡು ಪ್ರತಿ ತರಿಸಿದೆ. ಒಳಗೆ 2018 ಅಂತ ಇತ್ತು, ಹೊಸದೇ ಇರಬೇಕು ಅಂದುಕೊಂಡೆ. ವಾರದೊಳಗೆ ಒಬ್ಬಳು ಹುಡುಗಿ ಬಂದು "ಮೇಡಂ, ಇದರಲ್ಲಿರೋ ಮೊದಲನೇ ಪ್ರೋಗ್ರಾಮೇ ಎರರ್ ಕೊಡ್ತಿದೆ" ಅಂದಳು. ನೋಡಿದರೆ ಅದು ಆ ಭಾಷೆಯ ಹಳೆಯ ರೂಪವಾದ ಪೈಥಾನ್ 2ರ ಪುಸ್ತಕ. ಅದರಲ್ಲಿ ಪ್ರಿಂಟ್ ಮುಂದೆ ಬ್ರಾಕೆಟ್ ಹಾಕದಿದ್ದರೂ ನಡೆಯುತ್ತಿತ್ತು, ಪೈಥಾನ್ 3ರಲ್ಲಿ ಹಾಕಲೇಬೇಕು. ಪೈಥಾನ್ 3 ಬಂದದ್ದು 2008ರ ಡಿಸೆಂಬರ್‌ನಲ್ಲಿ! ಹಳೆಯದಕ್ಕೆ 2020ರ ಜನವರಿ 1ರಿಂದ ಬೆಂಬಲವೇ ನಿಂತುಹೋಯಿತು.

2018 ಅನ್ನೋದು ಮರುಮುದ್ರಣದ ವರ್ಷ. ಅಂದರೆ ಕಾಗದ ಹೊಸದು, ವಿಷಯ ಹಳೆಯದು. ಆದ್ದರಿಂದ ಶೀರ್ಷಿಕೆ ಪುಟದ ಹಿಂಬದಿ ತಿರುಗಿಸಿ, ಈಗಿನ ಆವೃತ್ತಿ ಮೊದಲು ಬಂದದ್ದು ಯಾವಾಗ ಅಂತ ನೋಡಿ. ಆವೃತ್ತಿ ಬೇರೆ, ಮುದ್ರಣ ಬೇರೆ.

ಸಿ ಭಾಷೆಯ ಪುಸ್ತಕವಾದರೆ ಇನ್ನೂ ಸುಲಭ. ಪ್ರತಿ ಪ್ರೋಗ್ರಾಮಿನ ತಲೆಯಲ್ಲೂ ಕೋನಿಯೋ ಡಾಟ್ ಎಚ್ (conio.h), ಕೆಳಗೆ ವಾಯ್ಡ್ ಮೇನ್ (void main) ಅಂತ ಇದ್ದರೆ ಅದು ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದ, ಸಿ ಪ್ರೋಗ್ರಾಂ ಬರೆದು ಓಡಿಸುವ ಟರ್ಬೋ ಸಿ ಅನ್ನೋ ಸಾಫ್ಟ್‌ವೇರ್ ನಂಬಿಕೊಂಡ ಪುಸ್ತಕ. ಲಿನಕ್ಸ್ ಹಾಕಿರುವ ಲ್ಯಾಬ್‌ನಲ್ಲಿ ಕೋನಿಯೋ ಸಿಗೋದೇ ಇಲ್ಲ. ಗೆಟ್ಸ್ (gets) ಅನ್ನೋ ಫಂಕ್ಷನ್ ಇದೆಯಾ ಅಂತಲೂ ನೋಡಿ. ಎಷ್ಟು ಅಕ್ಷರ ಬಂದರೂ ತಡೆಯದೆ ಮೆಮೊರಿಗೆ ತುಂಬುತ್ತದೆ ಅಂತ ಸಿ ಭಾಷೆಯ ನಿಯಮಗಳ 2011ರ ಸ್ಟಾಂಡರ್ಡ್‌ನಲ್ಲಿ ಅದನ್ನು ತೆಗೆದೇ ಹಾಕಿದ್ದಾರೆ. (ಕೆಲವು ಲ್ಯಾಬ್‌ಗಳಲ್ಲಿ ಟರ್ಬೋ ಸಿಯ ನೀಲಿ ಪರದೆ ಇನ್ನೂ ಇದೆ. ಅದು ಬೇರೆಯದೇ ಕಥೆ.)

ಹಾಗಂತ ಹಳೆಯದೆಲ್ಲ ಕಸ ಅಲ್ಲ. ಸಿ ಭಾಷೆ ರೂಪಿಸಿದ ಡೆನ್ನಿಸ್ ರಿಚಿ, ಬ್ರಯಾನ್ ಕರ್ನಿಗನ್ ಜೊತೆ ಬರೆದ ಪುಸ್ತಕದ ಎರಡನೇ ಆವೃತ್ತಿ 1988ರದ್ದು, ಮುನ್ನೂರು ಪುಟವೂ ಇಲ್ಲ. ನಮ್ಮಲ್ಲಿ ಇವತ್ತಿಗೂ ಹೊರಗೆ ಹೋಗುತ್ತಿರುತ್ತದೆ. ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಂ ಪುಸ್ತಕಗಳೂ ಬೇಗ ಹಳಸೋದಿಲ್ಲ. ವೆಬ್ ಡಿಸೈನ್, ಮೊಬೈಲ್ ಆ್ಯಪ್ ಪುಸ್ತಕಗಳು ಮಾತ್ರ ಸೊಪ್ಪಿನ ಹಾಗೆ, ಬೇಗ ಬಾಡುತ್ತವೆ.

ನನ್ನ ಮುಖ್ಯ ಪರೀಕ್ಷೆ ಒಂದೇ. ಸಪ್ಲೈಯರ್ ಅಪ್ರೂವಲ್‌ಗೆ, ಅಂದರೆ ಕೊಳ್ಳುವ ಮೊದಲು ನೋಡಲು, ಕೊಟ್ಟ ಪುಸ್ತಕವನ್ನು ಎರಡನೇ ವರ್ಷದ ಯಾರಾದರೂ ಒಬ್ಬರ ಕೈಗೆ ಕೊಟ್ಟು ಲ್ಯಾಬ್‌ನಲ್ಲಿ ಕೂರಿಸುತ್ತೇನೆ. ನಡುವಿನ ಅಧ್ಯಾಯದ ಒಂದು ಪ್ರೋಗ್ರಾಂ ಇದ್ದ ಹಾಗೇ ಟೈಪ್ ಮಾಡಿ ಓಡಿಸಬೇಕು. ಮೊದಲ ಅಧ್ಯಾಯ ಬೇಡ, ಅದನ್ನು ಎಲ್ಲರೂ ಚೆನ್ನಾಗಿಯೇ ಬರೆದಿರುತ್ತಾರೆ. ಜೊತೆಗೆ ಸಿಲಬಸ್‌ನಿಂದ ಮೂರು ಪದ ಆರಿಸಿ ಇಂಡೆಕ್ಸ್‌ನಲ್ಲಿ ಹುಡುಕುತ್ತೇನೆ. ಇಂಡೆಕ್ಸೇ ಇಲ್ಲದಿದ್ದರೆ ಪುಸ್ತಕ ವಾಪಸ್.

ಪರೀಕ್ಷೆ ಗೈಡ್‌ಗಳನ್ನು ಮಕ್ಕಳು ಕೇಳೇ ಕೇಳುತ್ತಾರೆ. ಬೈಯಬೇಡಿ, ಎರಡು ಪ್ರತಿ ಇಡಿ, ಸಾಕು.

ಅಪ್ರೂವಲ್‌ಗೆ ಕೊಡೋದಿಲ್ಲ ಅಂದರೆ ಒಂದೇ ಪ್ರತಿ ತರಿಸಿ ನೋಡಿ, ಮಿಕ್ಕದ್ದು ಆಮೇಲೆ. ಮಾರ್ಚ್ ಕೊನೆಯ ತನಕ ಮಾತ್ರ ಕಾಯಬೇಡಿ. ಗ್ರಾಂಟ್ ಮುಗಿಸುವ ಗಡಿಬಿಡಿಯಲ್ಲಿ ಯಾರೂ ಪುಟ ತಿರುಗಿಸೋದಿಲ್ಲ. ನಾನು ಆ ಹನ್ನೆರಡು ಪ್ರತಿಗೆ ಸಹಿ ಹಾಕಿದ್ದೂ ಮಾರ್ಚ್ 28ಕ್ಕೆ.